ಹಲಗೆ ಇದ್ದಷ್ಟು ಹಾಯಿ ಬಿಚ್ಚು

ನಮ್ಮ ಹಿತ್ತಿಲಿಗೂ ಪಕ್ಕದವರ ಹಿತ್ತಿಲಿಗೂ ನಡುವೆ ಆರಡಿ ಎತ್ತರದ ಮರದ ಬೇಲಿ ಇದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೊ ಕಡೆ ಎಲ್ಲಿ ನೋಡಿದರೂ ಇದೇ ಬೇಲಿ. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದ್ದು ಮೂಗಿಗೆ ಗೊತ್ತಾಗುತ್ತದೆ, ಹಾಕಿದವರ ಮುಖ ಮಾತ್ರ ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ಹೋದ ಚಳಿಗಾಲದ ಮಳೆಗಾಳಿಗೆ ಆ ಬೇಲಿಯ ಎರಡು ಹಲಗೆ ಕಿತ್ತುಬಂದವು. ರಿಪೇರಿ ಖರ್ಚು ಅರ್ಧರ್ಧ ಅಂತ ಎರಡೂ ಮನೆಯವರು ಒಪ್ಪಿಕೊಂಡೆವು. ಒಪ್ಪಿಕೊಂಡಿದ್ದೇ ಬಂತು.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಆ ಸಂದಿಯಲ್ಲಿ ಒಂದು ಬಿಳಿ ಪಂಚೆ, ಅದರ ಮೇಲೊಂದು ಸ್ವೆಟರು, ಅದರ ಮೇಲೊಂದು ಮಫ್ಲರು ಕಾಣಿಸಿಕೊಂಡಿತು. ಪಕ್ಕದ ಮನೆಯಾಕೆಯ ತಂದೆ. ಉಡುಪಿ ಕಡೆಯವರು, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು, ಆರು ತಿಂಗಳ ಮಟ್ಟಿಗೆ ಮಗಳ ಮನೆಗೆ ಬಂದವರು. ಸಂದಿಯನ್ನು ಮೇಲಿಂದ ಕೆಳಗೆ ನೋಡಿ, “ಇದು ಕನಕನ ಕಿಂಡಿ ಮಾರಾಯ್ರೆ, ಮುಚ್ಚಬೇಡಿ. ಆಚೆ ಬದಿಯಲ್ಲಿ ದೇವರು ಇಲ್ಲದಿದ್ರೂ ಅಡ್ಡಿಲ್ಲ, ಕನ್ನಡ ಮಾತಾಡುವ ಒಂದು ಜನ ಉಂಟಲ್ಲ” ಅಂದರು. ಮೈಸೂರಿನವನಾದ ನನ್ನ ಬಾಯಲ್ಲಿ ಅವರು ಅವತ್ತಿನಿಂದಲೇ ಮಾಷ್ಟ್ರು.

ಆ ಹೊತ್ತಿಗೆ ನಾನು ಹುಲ್ಲಿನ ಮೇಲೆ ನನ್ನ ಹಾಯಿ ಬಿಚ್ಚಿ ಹರವಿಕೊಂಡು, ಹೋಸ್ ಪೈಪಿನಲ್ಲಿ ಉಪ್ಪು ತೊಳೆಯುತ್ತಿದ್ದೆ.

“ಎಂಥದದು, ಶಾಮಿಯಾನವಾ? ಮನೆಯಲ್ಲಿ ಏನಾದ್ರೂ ಕಾರ್ಯಕ್ರಮ ಉಂಟಾ?”

“ಅಲ್ಲ ಮಾಷ್ಟ್ರೇ, ವಿಂಡ್‌ಸರ್ಫಿಂಗ್ ಹಾಯಿ.”

“ಓ, ನಮ್ಮ ಮೂಲ್ಕಿಯಲ್ಲಿ ಹುಡುಗ್ರು ಹಲಗೆ ಹಿಡ್ಕೊಂಡು ಕಡಲಿಗೆ ಓಡ್ತಾರಲ್ಲ, ಅದು?”

“ಅದು ಬರೀ ಸರ್ಫಿಂಗ್. ಅಲ್ಲಿ ತಳ್ಳೋದು ಅಲೆ. ಇಲ್ಲಿ ಹಲಗೆ ಮೇಲೆ ಒಂದು ಹಾಯಿ ನಿಲ್ಲಿಸಿರ್ತಾರೆ, ತಳ್ಳೋದು ಗಾಳಿ.”

“ಎಷ್ಟು ದೊಡ್ಡದು ಹಾಯಿ?”

“ಏಳೂವರೆ ಚದರ ಮೀಟರ್.”

ಮಾಷ್ಟ್ರು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ, “ಎಂಬತ್ತು ಚದರ ಅಡಿ. ನಮ್ಮ ಹಳೇ ಮನೆಯ ದೇವರ ಕೋಣೆ ಇಷ್ಟು ಇರ್ಲಿಲ್ಲ. ಅಷ್ಟು ದೊಡ್ಡದನ್ನು ಇಟ್ಕೊಂಡು ಮುಖ ಯಾಕೆ ಹೀಗೆ ಮಾಡಿದ್ದೀರಿ?” ಅಂದರು.

ಮುಖ ಹಾಗಾಗಿದ್ದಕ್ಕೆ ಕಾರಣವಿತ್ತು, ಹೇಳಬೇಕಾಯಿತು.

ಹಿಂದಿನ ವರ್ಷ ಮೌಂಟನ್ ವ್ಯೂನ ಶೋರ್‌ಲೈನ್ ಕೆರೆಯಲ್ಲಿ ನಾಲ್ಕು ಪಾಠ ಹೇಳಿಸಿಕೊಂಡಿದ್ದೆ. ಐವತ್ತು ಎಕರೆಯ ಕಟ್ಟಿಸಿದ ಕೆರೆ, ಕೊಲ್ಲಿಯ ಉಪ್ಪುನೀರು, ಮೊದಲ ಪಾಠಕ್ಕೆ ಹೇಳಿ ಮಾಡಿಸಿದ ಜಾಗ. ಕಲಿಯುವವರಿಗೆ ಅಲ್ಲಿ ಕೊಡುವ ಹಲಗೆ ಬಾಗಿಲಿನ ಹಾಗಿರುತ್ತದೆ, ಹತ್ತಿರ ಹತ್ತಿರ ಇನ್ನೂರು ಲೀಟರಿನದು. ಹಾಯಿಯೋ ಮಕ್ಕಳ ಆಟಿಕೆ, ನಾಲ್ಕು ಚದರ ಮೀಟರೂ ಇರದು. ಅದರ ಮೇಲೆ ಬೀಳಬೇಕೆಂದರೂ ಪ್ರಯತ್ನಪಟ್ಟು ಬೀಳಬೇಕು. ನಾಲ್ಕನೇ ಪಾಠಕ್ಕೆ ನಾನು ಬೀಳುವುದು ನಿಂತಿತು, ತಲೆ ತಿರುಗುವುದು ಶುರುವಾಯಿತು. ಯಾರೋ ಹಳೆಯ ಸಾಮಾನು ಮಾರುತ್ತಿದ್ದರು. ಒಂದು ತೊಂಬತ್ತೈದು ಲೀಟರಿನ ಚೂಪು ಮೂತಿಯ ಹಲಗೆ, ಇನ್ನೊಂದು ಮೂಲೆಯಲ್ಲಿ ಏಳೂವರೆಯ ಹಾಯಿ. ಎರಡನ್ನೂ ಕೊಂಡೆ. ಚಿಕ್ಕ ಹಲಗೆ ಪಳಗಿದವರದ್ದು, ನೋಡಲು ಗತ್ತು. ದೊಡ್ಡ ಹಾಯಿಗೆ ಹೆಚ್ಚು ಗಾಳಿ, ಯಾವ ಕಾಲಕ್ಕೂ ಆದೀತು. ನಮ್ಮಪ್ಪ ಜೂನ್ ತಿಂಗಳಲ್ಲಿ ಯೂನಿಫಾರಂ ಹೊಲಿಸುವಾಗ ಟೈಲರಿಗೆ “ಎರಡಿಂಚು ದೊಡ್ಡದೇ ಇರಲಿ, ಬೆಳೆಯೋ ಹುಡುಗ” ಅನ್ನುತ್ತಿದ್ದರಲ್ಲ, ಅದೇ ಲೆಕ್ಕ. ಮಾರಿದವನು ನನಗಿಂತ ಹದಿನೈದು ಕಿಲೋ ಹಗುರವಿದ್ದ. ಅವನು ಒಂದು ಸುಳ್ಳೂ ಹೇಳಲಿಲ್ಲ. ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಎರಡನ್ನೂ ಕಾರಿನ ತಲೆ ಮೇಲೆ ಕಟ್ಟಿಕೊಂಡು ಹೋಗಿದ್ದು ಕಯೋಟಿ ಪಾಯಿಂಟಿಗೆ. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇದೆ. ನೀಲಗಿರಿ ಮರದ ತೋಪು, ಅದರ ಕೆಳಗೆ ಕೊಲ್ಲಿ, ಆಚೆ ಒಂದರ ಹಿಂದೊಂದು ಇಳಿಯುವ ವಿಮಾನಗಳು. ಇಲ್ಲಿ ಬೇಸಗೆಯ ಮಧ್ಯಾಹ್ನ ಗಾಳಿ ಬರುವುದು ಆಫೀಸಿಗೆ ಬರುವವರ ಹಾಗೆ, ದಿನವೂ, ಸ್ವಲ್ಪ ಹಿಂದೆಮುಂದೆ. ಒಳನಾಡಿನ ಸೆಂಟ್ರಲ್ ವ್ಯಾಲಿ ಬಾಣಲೆಯಂತೆ ಕಾಯುತ್ತದೆ. ಅಲ್ಲಿಯ ಗಾಳಿ ಮೇಲೇಳುತ್ತದೆ. ಆ ಜಾಗ ತುಂಬಲು ತಣ್ಣನೆಯ ಪೆಸಿಫಿಕ್ ಗಾಳಿ ಬೆಟ್ಟಸಾಲಿನಲ್ಲಿ ಸಂದಿ ಹುಡುಕಿಕೊಂಡು ನುಗ್ಗುತ್ತದೆ. ದೊಡ್ಡ ಸಂದಿ ಗೋಲ್ಡನ್ ಗೇಟ್. ಚಿಕ್ಕದು ಸ್ಯಾನ್ ಬ್ರೂನೊ ಕಣಿವೆ. ನಮಗೆ ಬರುವ ಗಾಳಿ ಈ ಚಿಕ್ಕ ಸಂದಿಯದ್ದು.

“ನಮ್ಮಲ್ಲೂ ಹಾಗೇ ಅಲ್ವಾ?” ಮಾಷ್ಟ್ರು ನಡುವೆ ಬಾಯಿ ಹಾಕಿದರು. “ಇಂಜಿನ್ ಬರುವ ಮೊದಲು ನಮ್ಮ ದೋಣಿಯವರು ಹೋಗ್ತಿದ್ದದ್ದು ಬೆಳಗಿನ ಜಾವದ ನೆಲದ ಗಾಳಿಗೆ, ಬರ್ತಿದ್ದದ್ದು ಮಧ್ಯಾಹ್ನದ ಕಡಲ ಗಾಳಿಗೆ. ಟಿಕೆಟ್ ಇಲ್ಲದ ಬಸ್ಸು. ಮತ್ತೆ ಎಂಥ ಆಯ್ತು?”

ಆದದ್ದು ಇಷ್ಟು. ಅವತ್ತು ಹದಿನೆಂಟು ನಾಟ್ ಗಾಳಿ. ಗಂಟೆಗೆ ಮೂವತ್ತಮೂರು ಕಿಲೋಮೀಟರ್ ಅಂತಿಟ್ಟುಕೊಳ್ಳಿ, ನೀರಿನ ಮೇಲೆಲ್ಲ ಬಿಳಿ ನೊರೆ. ಸೊಂಟದ ಆಳದಲ್ಲಿ ಹಲಗೆ ಹತ್ತಿದೆ. ಹಲಗೆ ಕಾಣಿಸಲಿಲ್ಲ. ನಾನು ನೀರಿನ ಮೇಲೆ ಬರಿಗಾಲಲ್ಲಿ ನಿಂತ ಹಾಗಿತ್ತು, ಆದರೆ ನೀರು ಮೀನಖಂಡದ ತನಕ. ಹಗ್ಗ ಹಿಡಿದು ಹಾಯಿ ಎತ್ತಲು ಬಗ್ಗಿದೆ; ಮೂತಿ ಮುಳುಗಿತು. ಹಿಂದೆ ವಾಲಿದೆ, ಬಾಲ ಮುಳುಗಿತು. ಹತ್ತನೇ ಸಲಕ್ಕೆ ಹಾಯಿ ಮೇಲೆ ಬಂತು, ಗಾಳಿ ತುಂಬಿತು, ಎರಡು ಕೈಯನ್ನೂ ಭುಜದಿಂದ ಕಿತ್ತುಕೊಳ್ಳುವ ಹಾಗೆ ಎಳೆಯಿತು. ಹಲಗೆ ಒಂದು ಕ್ಷಣ ಓಡಿತು. ಆ ಕ್ಷಣಕ್ಕೆ ಇಂದಿಗೂ ಋಣಿ. ಮರುಕ್ಷಣ ಬಾಲ ಪಕ್ಕಕ್ಕೆ ಜಾರಿ, ಹಸಿ ಸಗಣಿ ಮೇಲೆ ಕಾಲಿಟ್ಟವನಂತೆ ನಾನೊಂದು ದಿಕ್ಕು, ಹಲಗೆಯೊಂದು ದಿಕ್ಕು. ಹೀಗೇ ಬೀಳುತ್ತ ಏಳುತ್ತ ಗಾಳಿ ಹೋದ ಕಡೆ ತೇಲಿ, ಒಂದು ಕಿಲೋಮೀಟರ್ ಕೆಳಗೆ ಕಲ್ಲುಗಳ ಮೇಲೆ ಬಂದು ಬಿದ್ದೆ. ಅಲ್ಲಿಂದ ಹಾಯಿ ಹೊತ್ತು ನಡೆದೆ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬಾಕೆ ನಿಂತು, ಗಾಳಿ ಚೆನ್ನಾಗಿದೆಯಾ ಅಂತ ಕೇಳಿದಳು. ಗಾಳಿ ಚೆನ್ನಾಗೇ ಇತ್ತು.

ಮಾಷ್ಟ್ರು ನಗಲಿಲ್ಲ. ಗಣಿತದ ಮೇಷ್ಟ್ರುಗಳು ತಪ್ಪು ಉತ್ತರಕ್ಕೆ ನಗುವುದಿಲ್ಲ, ಹೆಜ್ಜೆ ತೋರಿಸು ಅನ್ನುತ್ತಾರೆ.

“ಹಲಗೆಯನ್ನು ಲೀಟರಿನಲ್ಲಿ ಯಾಕೆ ಅಳೀತಾರೆ, ಕೇಳಿದ್ರಾ?”

“ಒಳಗೆ ಎಷ್ಟು ಜಾಗ ಇದೆ ಅಂತ.”

“ಒಳಗೆ ಏನು ತುಂಬ್ಲಿಕ್ಕುಂಟು ನಿಮಗೆ, ಗಂಜಿಯಾ? ಹೊರಗಿನ ನೀರನ್ನು ಎಷ್ಟು ತಳ್ತದೆ, ಅದು ಲೆಕ್ಕ. ಒಂದು ಲೀಟರ್ ನೀರು ಒಂದು ಕಿಲೋ. ತೊಂಬತ್ತೈದು ಲೀಟರಿನ ಹಲಗೆ ಪೂರ್ತಿ ಮುಳುಗಿದ್ರೆ ಹೊರುವುದು ತೊಂಬತ್ತೈದು ಕಿಲೋ. ಉಪ್ಪುನೀರಾದ ಕಾರಣ ಎರಡು ಕಿಲೋ ರಿಯಾಯಿತಿ, ತೊಂಬತ್ತೇಳು. ಈಗ ನಿಮ್ಮ ಭಾರ ಹೇಳಿ. ನಾಚಿಕೆ ಬೇಡ.”

“ಎಂಬತ್ತೆರಡು.”

“ಒದ್ದೆ ಬಟ್ಟೆ?”

“ವೆಟ್‌ಸೂಟು, ಎಲ್ಲ ಸೇರಿ ಮೂರು ಕಿಲೋ. ಹಲಗೆ ಏಳು. ಕಂಬ, ಕೈಯಲ್ಲಿ ಹಿಡಿಯೋ ಬೂಮು, ಹಾಯಿ ಸೇರಿ ಹತ್ತು.”

“ನೂರ ಎರಡು. ತೊಂಬತ್ತೇಳು ಹೋದ್ರೆ ಐದು ಕಿಲೋ ಸಾಲ. ಆ ಸಾಲ ತೀರಿಸಿದ್ದು ನಿಮ್ಮ ಕಾಲು. ಐದು ಲೀಟರ್ ಕಾಲು ನೀರಿನೊಳಗೆ ಹೋಗ್ಬೇಕು, ಆಗ ಸಮ. ಮೀನಖಂಡದ ತನಕ ಅಂದ್ರಲ್ಲ, ಸರಿಯಾಗೇ ಉಂಟು. ಆರ್ಕಿಮಿಡೀಸ್ ತಪ್ಪುವುದಿಲ್ಲ ಮಾರಾಯ್ರೆ.”

ಎರಡು ಸಾವಿರ ವರ್ಷ ಹಳೆಯ ಸೂತ್ರವನ್ನು ಹಿತ್ತಿಲಲ್ಲಿ ನಿಂತು ಮೀನಖಂಡದ ಮೂಲಕ ಕಲಿತವನು ನಾನೊಬ್ಬನೇ ಇರಬೇಕು.

ಹಾಗಾದರೆ ಪಳಗಿದವರು ಅದೇ ಚಿಕ್ಕ ಹಲಗೆ ಮೇಲೆ ಹೇಗೆ ಓಡುತ್ತಾರೆ? ಅದೂ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು. ನೀರಿನ ಮೇಲೆ ಚಪ್ಪಟೆ ಕಲ್ಲು ಬೀಸಿ ಎಸೆದರೆ ಕುಪ್ಪಳಿಸಿಕೊಂಡು ಹೋಗುತ್ತದಲ್ಲ, ಓಡುತ್ತಿರುವಷ್ಟು ಹೊತ್ತು ಕಲ್ಲು ಮುಳುಗುವುದಿಲ್ಲ. ಹಲಗೆಯೂ ಹಾಗೆ. ವೇಗ ಹಿಡಿದಾಗ ನೀರನ್ನು ಸೀಳಿಕೊಂಡು ಹೋಗುವುದನ್ನು ಬಿಟ್ಟು ನೀರಿನ ಮೇಲೆ ಜಾರತೊಡಗುತ್ತದೆ. ಪ್ಲೇನಿಂಗ್ ಅನ್ನುತ್ತಾರೆ. ಆಗ ಲೀಟರು ಗೀಟರು ಯಾರಿಗೆ ಬೇಕು. ಆದರೆ ಆ ವೇಗ ಬರುವ ತನಕ ನಿಮ್ಮನ್ನು ಹೊರುವವರು ಯಾರು? ಚಿಕ್ಕ ಹಲಗೆಯವರು ಜೋರು ಗಾಳಿಗೆ ಕಾದು, ನೀರಿನಲ್ಲೇ ಮಲಗಿ, ಹಾಯಿ ಅವರನ್ನು ಎತ್ತಿ ಹಲಗೆ ಮೇಲೆ ನಿಲ್ಲಿಸುವ ಹಾಗೆ ಮಾಡಿಕೊಳ್ಳುತ್ತಾರೆ. ಅದು ನಾಲ್ಕು ಪಾಠದವನ ವಿದ್ಯೆಯಲ್ಲ.

“ಸರಿ, ಅದು ಹಲಗೆಗೂ ಮನುಷ್ಯನಿಗೂ ಆಯ್ತು. ಹಾಯಿಗೂ ಹಲಗೆಗೂ ಎಂಥ ಸಂಬಂಧ?”

ಇಲ್ಲಿಗೆ ಬಂದಾಗ ಅವರ ಮಗಳು ಒಳಗಿನಿಂದ “ಅಪ್ಪಾ, ದೋಸೆ ತಣಿದುಹೋಯ್ತು” ಅಂತ ಕರೆದಳು. ಕಿಂಡಿ ಖಾಲಿಯಾಯಿತು.

ಮರುದಿನ ಮಾಷ್ಟ್ರು ನನಗಿಂತ ಮೊದಲೇ ಬಂದು ನಿಂತಿದ್ದರು. ರಾತ್ರಿಯೆಲ್ಲ ಯೋಚನೆ ಮಾಡಿದ್ದಾರೆ. “ಯಕ್ಷಗಾನ ನೋಡಿದ್ದೀರಾ? ತೆಂಕುತಿಟ್ಟಿನ ದೊಡ್ಡ ಕಿರೀಟ, ಬಣ್ಣದ ವೇಷದ್ದು. ಒಮ್ಮೆ ಶಾಲೆಯ ವಾರ್ಷಿಕೋತ್ಸವಕ್ಕೆ ಏಳನೇ ಕ್ಲಾಸಿನ ಹುಡುಗನಿಗೆ ಅದನ್ನು ಕಟ್ಟಿದ್ರು. ಕೂತಿದ್ದಾಗ ಚಂದ. ಎದ್ದು ಒಂದು ಸುತ್ತು ತಿರುಗಿದ ನೋಡಿ, ಕಿರೀಟ ಅವನನ್ನು ತಿರುಗಿಸಿ ಚೆಂಡೆಯವನ ಮಡಿಲಲ್ಲಿ ಕೂರಿಸ್ತು. ನಿಮ್ಮದೂ ಅದೇ ಕತೆ ಅಲ್ವಾ?”

ಅದೇ ಕತೆ. ಆದರೆ ಕಿರೀಟಕ್ಕೆ ಇಲ್ಲದ ಒಂದು ತೊಡಕು ಇಲ್ಲಿದೆ. ದೋಣಿಯಲ್ಲಿ ಹಾಯಿಯನ್ನು ದೋಣಿಗೆ ಕಟ್ಟಿರುತ್ತಾರೆ. ಇಲ್ಲಿ ಕಂಬದ ಬುಡ ಎಲ್ಲ ದಿಕ್ಕಿಗೂ ಬಾಗುವ ಒಂದು ಕೀಲಿನ ಮೇಲೆ ಕೂತಿರುತ್ತದೆ, ಹಾಯಿಯನ್ನು ಹಿಡಿದು ನಿಲ್ಲಿಸುವ ಹಗ್ಗ ಅಂದರೆ ನಾವೇ. ಚುಕ್ಕಾಣಿಯೂ ಇಲ್ಲ; ಕಂಬವನ್ನು ಮುಂದೆ ಹಿಂದೆ ವಾಲಿಸಿ ದಿಕ್ಕು ಬದಲಿಸಬೇಕು. ಹಾಗಾಗಿ ಹಾಯಿಯ ಎಳೆತವೆಲ್ಲ ಕೈಯಿಂದ ಸೊಂಟಕ್ಕೆ, ಸೊಂಟದಿಂದ ಕಾಲಿಗೆ, ಕಾಲಿನಿಂದ ಹಲಗೆಯ ಅಂಚಿಗೆ, ಅಲ್ಲಿಂದ ಬಾಲದ ಅಡಿಯ ಫಿನ್ನಿಗೆ ಹೋಗುತ್ತದೆ. ನೀರಿನೊಳಗೆ ಅಡ್ಡಗಾಲು ಕೊಟ್ಟು, ಪಕ್ಕಕ್ಕೆ ಜಾರದ ಹಾಗೆ ತಡೆಯುವುದು ಆ ರೆಕ್ಕೆ ಒಂದೇ. ದೊಡ್ಡ ಹಾಯಿಗೆ ದೊಡ್ಡ ಫಿನ್ ಬೇಕು. ಐದೂವರೆಯ ಹಾಯಿಗೆ ಸುಮಾರು ಮೂವತ್ತೆರಡು ಸೆಂಟಿಮೀಟರ್ ಸಾಕು. ಏಳೂವರೆಗೆ ನಲವತ್ತನಾಲ್ಕರ ಆಸುಪಾಸು. ನನ್ನ ಹಲಗೆಗಿದ್ದದ್ದು ಇಪ್ಪತ್ತೆಂಟು. ಸಗಣಿಯ ಮೇಲೆ ಕಾಲಿಟ್ಟ ಹಾಗಾದದ್ದು ಅದಕ್ಕೇ. ಇಂಗ್ಲಿಷಿನವರು ಅದಕ್ಕೆ ಸ್ಪಿನ್‌ಔಟ್ ಅಂತ ಗೌರವದ ಹೆಸರು ಕೊಟ್ಟಿದ್ದಾರೆ.

“ಹಾಗಾದ್ರೆ ದೊಡ್ಡ ಫಿನ್ ಹಾಕಿದ್ರೆ ಆಯ್ತಲ್ಲ?”

ಆಗುವುದಿಲ್ಲ. ದೊಡ್ಡ ಫಿನ್ನು ಹಲಗೆಯ ಒಂದು ಪಕ್ಕವನ್ನು ಎತ್ತಲು ನೋಡುತ್ತದೆ, ಅದನ್ನು ಅದುಮಲು ಹಲಗೆಗೆ ಅಗಲ ಬೇಕು. “ಏತ ನೋಡಿದ್ದೀರಲ್ಲ ಮಾಷ್ಟ್ರೇ? ಮರದ ತುದಿಗೆ ಹೋಗಿ ನಿಂತರೆ ಚಿಕ್ಕ ಹುಡುಗನೂ ಬಾವಿಯ ನೀರು ಎತ್ತುತ್ತಾನೆ. ನಡುವಿಗೆ ಬಂದು ನಿಂತರೆ ಪೈಲ್ವಾನನಿಗೂ ಆಗೋದಿಲ್ಲ. ಅಗಲದ ಹಲಗೆ ಅಂದರೆ ನಾವು ಏತದ ತುದಿಯಲ್ಲಿ ನಿಂತ ಹಾಗೆ.” ನನ್ನದು ಅರವತ್ತು ಸೆಂಟಿಮೀಟರ್ ಅಗಲ, ಏಳೂವರೆಯ ಹಾಯಿ ಕೇಳುವುದು ಎಪ್ಪತ್ತು, ಎಪ್ಪತ್ತೈದು. ನಡುವಿನ ಅಳತೆಗಳಿಗೆ ನಾನೊಂದು ಒರಟು ಲೆಕ್ಕ ಇಟ್ಟುಕೊಂಡಿದ್ದೇನೆ: ಹಲಗೆಯ ಅಗಲವನ್ನು ಹತ್ತರಿಂದ ಭಾಗಿಸಿ. ಎಪ್ಪತ್ತಕ್ಕೆ ಏಳು, ಎಂಬತ್ತಕ್ಕೆ ಎಂಟು. ಅದು ಆ ಹಲಗೆ ನೆಮ್ಮದಿಯಾಗಿ ಹೊರುವ ದೊಡ್ಡ ಹಾಯಿಯ ಹತ್ತಿರಕ್ಕೆ ಬರುತ್ತದೆ. ಅಲೆಯ ಮೇಲೆ ಆಡುವ ಚಿಕ್ಕ ಹಲಗೆಗಳಿಗೆ ಈ ಲೆಕ್ಕ ನಡೆಯುವುದಿಲ್ಲ, ಅವು ಇನ್ನೂ ಚಿಕ್ಕ ಹಾಯಿ ಬೇಡುತ್ತವೆ.

ಉಲ್ಟಾ ಮಾಡಿದರೂ ಕಷ್ಟವೇ. ನನ್ನ ಪರಿಚಯದವನೊಬ್ಬ ನೂರೈವತ್ತು ಲೀಟರಿನ ಅಗಲದ ಹಲಗೆಗೆ ನಾಲ್ಕೂ ಮುಕ್ಕಾಲಿನ ಹಾಯಿ ಹಾಕಿ ಇಪ್ಪತ್ತೈದು ನಾಟ್ ಗಾಳಿಯಲ್ಲಿ ಹೊರಟ. ಹಾಯಿ ತನ್ನ ಪಾಡಿಗೆ ಸುಖವಾಗಿತ್ತು. ಹಲಗೆ ಮಾತ್ರ ಕುದಿಯುವ ಪಾತ್ರೆಯ ತಟ್ಟೆಯ ಹಾಗೆ ಟಪಟಪ ಕುಣಿಯುತ್ತಿತ್ತು. ಅದರ ಮೂತಿ ಕೆಳಗೆ ಅದುಮಲು ಆ ಚಿಕ್ಕ ಹಾಯಿಯ ಭಾರ ಸಾಲದು. ಗಾಳಿ ಅಡಿಗೆ ನುಗ್ಗಿ ಎತ್ತಿ ಮಗುಚಿತು. ಅವನು ನೀರಿನಿಂದ ಎದ್ದು ಬಂದು ಹಾಯಿಯನ್ನು ಬೈದ. ಎಲ್ಲರೂ ಹಾಯಿಯನ್ನೇ ಬೈಯುವುದು.

ಅಂಗಡಿಯವರೂ ತಯಾರಕರೂ ಇದನ್ನು ಬಚ್ಚಿಟ್ಟಿಲ್ಲ ಅನ್ನುವುದು ದುಃಖದ ಸಂಗತಿ. ಹೊಸ ಹಲಗೆ ಕೊಂಡರೆ ಅದಕ್ಕೆ ಎಷ್ಟರಿಂದ ಎಷ್ಟರ ತನಕ ಹಾಯಿ ಹಾಕಬಹುದು ಅಂತ ತಯಾರಕರೇ ಹೇಳಿರುತ್ತಾರೆ. ತೊಂಬತ್ತೈದು ಲೀಟರಿನದಕ್ಕೆ ಸಾಮಾನ್ಯವಾಗಿ ನಾಲ್ಕೂವರೆಯಿಂದ ಆರು ಚಿಲ್ಲರೆ, ನೂರಿಪ್ಪತ್ತಕ್ಕೆ ಐದೂವರೆಯಿಂದ ಏಳೂವರೆ, ಎಂಟರ ಹತ್ತಿರ. ಸೀರೆಯ ಮೇಲೆ ಒಗೆಯುವ ವಿಧಾನ ಬರೆದಿರುವುದನ್ನು ನಾವು ಎಷ್ಟು ಜನ ಓದುತ್ತೇವೋ, ಇದನ್ನೂ ಅಷ್ಟೇ ಜನ ಓದುತ್ತಾರೆ.

“ಹಾಗಾದ್ರೆ ಇದರಲ್ಲಿ ಗಾಳಿಯ ಪಾತ್ರ ಎಂಥದೂ ಇಲ್ವಾ? ಇಷ್ಟು ಹೊತ್ತು ಅದರ ಸುದ್ದಿಯೇ ಬರ್ಲಿಲ್ಲ.”

ಇದೇ ಪ್ರಶ್ನೆಗೆ ಕಾಯುತ್ತಿದ್ದೆ. ಎಲ್ಲರೂ ಗಾಳಿಯಿಂದ ಶುರು ಮಾಡುತ್ತಾರೆ: ಇವತ್ತು ಗಾಳಿ ಎಷ್ಟು, ಹಾಯಿ ಎಷ್ಟು? ನಾನು ಈಗ ಹೇಳುವುದು, ಗಾಳಿಯನ್ನು ಕೊನೆಗೆ ಕರೆಯಿರಿ. ಮೊದಲು ನಿಮ್ಮ ಮೈಭಾರ. ಅದು ಹಲಗೆಯನ್ನು ಆರಿಸುತ್ತದೆ. ಹಲಗೆ ತನಗೆ ಒಗ್ಗುವ ಮೂರು ಹಾಯಿಗಳನ್ನು ಆರಿಸುತ್ತದೆ. ಆ ಮೂರರಲ್ಲಿ ಇವತ್ತಿನದು ಯಾವುದು ಅನ್ನುವಷ್ಟು ಮಾತ್ರ ಗಾಳಿಗೆ ಬಿಟ್ಟದ್ದು.

ಅದಕ್ಕೊಂದು ಬಾಯಿಲೆಕ್ಕ ನೀರಿನವರಲ್ಲಿ ಬಳಕೆಯಲ್ಲಿದೆ. ಮೈಭಾರವನ್ನು 1.4ರಿಂದ ಗುಣಿಸಿ, ಗಾಳಿಯ ನಾಟ್‌ನಿಂದ ಭಾಗಿಸಿ. ನನ್ನ 82 ಕಿಲೋಗೆ 15 ನಾಟ್‌ನಲ್ಲಿ 7.7, 18ರಲ್ಲಿ 6.4, 25ರಲ್ಲಿ 4.6 ಚದರ ಮೀಟರ್. ಅಂದರೆ ಆ ದಿನ ನಾನು ಹಲಗೆಗೆ ಮಾತ್ರವಲ್ಲ, ಗಾಳಿಗೂ ಒಂದು ಚದರ ಮೀಟರ್ ಹೆಚ್ಚು ಹಾಯಿ ಹಿಡಿದು ಹೋಗಿದ್ದೆ.

ಮಾಷ್ಟ್ರು ಬೇಲಿಯ ಮೇಲೆ ಬೆರಳಲ್ಲಿ ಬರೆಯತೊಡಗಿದರು. “ಇದು ಸರಿ ಇಲ್ಲ. ಗಾಳಿ ಎರಡು ಪಟ್ಟಾದ್ರೆ ಅದರ ಒತ್ತಡ ನಾಲ್ಕು ಪಟ್ಟು. ವೇಗದ ವರ್ಗ. ಹತ್ತನೇ ಕ್ಲಾಸಿನ ಮಕ್ಕಳಿಗೂ ಗೊತ್ತು. 15 ನಾಟ್‌ಗೆ ಏಳೂವರೆ ಆದ್ರೆ 30ಕ್ಕೆ ನಾಲ್ಕನೇ ಒಂದು ಭಾಗ, ಎರಡು ಚದರ ಮೀಟರಿಗೂ ಕಮ್ಮಿ. ನಿಮ್ಮ ಸೂತ್ರ ಅರ್ಧ ಮಾತ್ರ ಇಳಿಸ್ತದೆ, ಮೂರೂ ಮುಕ್ಕಾಲು. ಮಾರ್ಕು ಕೊಡ್ಲಿಕ್ಕೆ ಆಗುವುದಿಲ್ಲ.”

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಎರಡು ದಿನ ತಲೆ ಕೆರೆದುಕೊಂಡು ಹೋಗಿ ಹೇಳಿದೆ: ಗಾಳಿ ಹೆಚ್ಚಾದ ದಿನ ಹಲಗೆಯನ್ನೂ ಚಿಕ್ಕದು ಮಾಡುತ್ತೇವೆ. ಚಿಕ್ಕ ಹಲಗೆ ನೀರಿನಿಂದ ಮೇಲೇಳಲು ಹೆಚ್ಚು ಬಲ ಬೇಕು. ನೀರೂ ಒರಟಾಗಿರುತ್ತದೆ, ಅದೂ ಎಳೆಯುತ್ತದೆ. ಮತ್ತೆ ಗಾಳಿ ಅರ್ಧಕ್ಕಿಳಿದ ದಿನ ನಿಮ್ಮ ವರ್ಗದ ಲೆಕ್ಕದಂತೆ ಏಳೂವರೆಯನ್ನು ನಾಲ್ಕು ಪಟ್ಟು ಮಾಡಿದರೆ ಮೂವತ್ತು ಚದರ ಮೀಟರ್. ಅದನ್ನು ಹಿಡಿಯುವವನು ಭೀಮನೇ ಆಗಬೇಕು. “ಹಾಗಾದ್ರೆ ನಿಮ್ಮದು ಸೂತ್ರ ಅಲ್ಲ, ರಾಜಿ” ಅಂದರು ಮಾಷ್ಟ್ರು. ಹೆಸರು ಬದಲಾಯಿಸಿದ ಮೇಲೆ ಒಪ್ಪಿಕೊಂಡರು.

ಮೊದಮೊದಲು ಹಾಯಿ ಆರಿಸುವ ಈ ತಲೆನೋವೇ ಇರಲಿಲ್ಲ. ಇದೇ ಕ್ಯಾಲಿಫೋರ್ನಿಯಾದಲ್ಲಿ ಹೊಯ್ಲ್ ಶ್ವೈಟ್ಸರ್ ಮತ್ತು ಜಿಮ್ ಡ್ರೇಕ್ 1968ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1970ರಲ್ಲಿ ಪಡೆದ ‘ವಿಂಡ್‌ಸರ್ಫರ್’ ಹನ್ನೆರಡು ಅಡಿಯ ಒಂದೇ ಹಲಗೆ, ಅದಕ್ಕೊಂದೇ ಅಳತೆಯ ಹಾಯಿ. ಡ್ರೇಕ್ ವಿಮಾನ ವಿನ್ಯಾಸದ ಎಂಜಿನಿಯರ್. ಹಾಯಿ ಅಂದರೆ ನಿಲ್ಲಿಸಿದ ರೆಕ್ಕೆ ಅನ್ನುವುದು ಅವರಿಗೆ ಹೊಸದಾಗಿ ಹೇಳಬೇಕಿರಲಿಲ್ಲ. ಮೊದಲು ಮಾಡಿದ್ದು ಯಾರು ಅನ್ನುವ ಜಗಳ ಬೇರೆ ಇದೆ. ಪೆನ್ಸಿಲ್ವೇನಿಯಾದ ನ್ಯೂಮನ್ ಡಾರ್ಬಿ ತಮ್ಮ ಹಾಯಿಹಲಗೆಯ ಬಗ್ಗೆ 1965ರಲ್ಲೇ ಪತ್ರಿಕೆಯಲ್ಲಿ ಬರೆದಿದ್ದರು. ಅದಕ್ಕೂ ಮುಂಚೆ, 1958ರಲ್ಲಿ, ಇಂಗ್ಲೆಂಡಿನ ಹೇಲಿಂಗ್ ದ್ವೀಪದಲ್ಲಿ ಪೀಟರ್ ಚಿಲ್ವರ್ಸ್ ಅನ್ನುವ ಹನ್ನೆರಡು ವರ್ಷದ ಹುಡುಗ ಒಂದನ್ನು ಕಟ್ಟಿ ಓಡಾಡಿಸಿದ್ದ. ಆ ಹುಡುಗನ ಹಲಗೆಯೇ ಮುಂದೆ ಇಂಗ್ಲೆಂಡಿನ ನ್ಯಾಯಾಲಯದಲ್ಲಿ ಕ್ಯಾಲಿಫೋರ್ನಿಯಾದವರ ಪೇಟೆಂಟನ್ನು ಅಲ್ಲಿಯ ಮಟ್ಟಿಗೆ ಮುಳುಗಿಸಿತು.

ಒಂದೇ ಹಾಯಿಯ ಆ ಸಂಪ್ರದಾಯ ಈಗ ಒಲಿಂಪಿಕ್ಸಿನಲ್ಲಿ ಉಳಿದಿದೆ. ಪ್ಯಾರಿಸ್ 2024ರ ಸ್ಪರ್ಧೆ ಮಾರ್ಸೇಲ್ ಕಡಲಲ್ಲಿ ನಡೆಯಿತು, ಅಡಿಯಲ್ಲಿ ಫಾಯಿಲ್ ಅನ್ನುವ ರೆಕ್ಕೆ ಇರುವ, ನೀರಿನಿಂದ ಮೇಲೆದ್ದು ಹಾರುವ ಹಲಗೆಗಳಲ್ಲಿ. ಅಲ್ಲಿ ಗಂಡಸರಿಗಿದ್ದ ಹಾಯಿ 9 ಚದರ ಮೀಟರ್, ಹೆಂಗಸರಿಗೆ 8. ಗಾಳಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಹಾಯಿ ಬದಲಾಯಿಸುವಂತಿಲ್ಲವಾದ್ದರಿಂದ ಅಲ್ಲಿಯವರು ಮೈಭಾರವನ್ನೇ ಹಾಯಿಗೆ ಹೊಂದಿಸಿಕೊಳ್ಳುತ್ತಾರೆ, ತಿಂದು, ತೂಕ ಎತ್ತಿ.

“ಅಂಗಿಗೆ ತಕ್ಕ ಹೊಟ್ಟೆ” ಅಂದರು ಮಾಷ್ಟ್ರು. “ನಿಮಗೆ ಇದು ಸುಲಭ ಅಲ್ವಾ?”

ಮೇ ತಿಂಗಳಲ್ಲಿ ಬುದ್ಧಿ ಬಂತು. ಹಳೆಯ ಹಲಗೆ ಮಾರಿ, ನೂರಿಪ್ಪತ್ತು ಲೀಟರಿನದು, ಎಪ್ಪತ್ತೆರಡು ಸೆಂಟಿಮೀಟರ್ ಅಗಲದ್ದು ತಂದೆ. ಜೊತೆಗೆ ಐದೂ ಮುಕ್ಕಾಲಿನ ಮತ್ತು ಆರೂವರೆಯ ಎರಡು ಹಾಯಿ. ಅಷ್ಟು ಹತ್ತಿರ ಹತ್ತಿರ ಎರಡು ಯಾಕೆ ಅಂತ ಹೆಂಡತಿ ಕೇಳಿದಳು. ಸೀರೆಯ ಬೀರು ತೋರಿಸಿದೆ. ಅದು ತಪ್ಪು ಉತ್ತರವಾಗಿತ್ತು.

ಆರೂವರೆಯನ್ನು ಮೊದಲ ಸಲ ಕಟ್ಟುವಾಗ ಮಾಷ್ಟ್ರನ್ನು ಕಿಂಡಿಯಿಂದ ಈಚೆಗೇ ಕರೆದೆ. ಕಂಬವನ್ನು ಹಾಯಿಯ ತೋಳಿನೊಳಗೆ ತೂರಿಸಿ, ಬುಡದ ಗಾಲಿಗಳಲ್ಲಿ ಹಗ್ಗ ಹಾಯಿಸಿ, ಒಂದು ಕಾಲು ಬುಡಕ್ಕೆ ಒತ್ತಿಟ್ಟು ಎರಡೂ ಕೈಯಲ್ಲಿ ಎಳೆಯಬೇಕು. ಡೌನ್‌ಹಾಲ್ ಅನ್ನುತ್ತಾರೆ. ನಾಲ್ಕೂವರೆ ಮೀಟರಿನ ಕಂಬ ಬಿಲ್ಲಿನಂತೆ ಬಾಗತೊಡಗುತ್ತದೆ, ಹಾಯಿಯ ನೆರಿಗೆಗಳು ಒಂದೊಂದಾಗಿ ಮಾಯವಾಗುತ್ತವೆ. ಇನ್ನು ಸಾಕು ಅನ್ನಿಸಿದ ಮೇಲೆ ಮತ್ತೂ ಎರಡು ಬೆರಳಗಲ ಎಳೆಯಬೇಕು. ಆಗ ವಿಚಿತ್ರವೊಂದು ನಡೆಯುತ್ತದೆ: ಮುಂದಿನ ಅಂಚು ಬಿಗಿದಷ್ಟೂ ಮೇಲ್ತುದಿಯ ಹಿಂದಿನ ಅಂಚು ಸಡಿಲವಾಗಿ ಜೋಲುತ್ತದೆ. ಅದು ದೋಷವಲ್ಲ, ಬೇಕೆಂದೇ ಹಾಗೆ ಕತ್ತರಿಸಿ ಹೊಲಿದಿರುತ್ತಾರೆ. ಗಾಳಿ ಒಮ್ಮೆಲೇ ಬೀಸಿದಾಗ ಆ ಸಡಿಲ ತುದಿ ತೆರೆದುಕೊಂಡು ಹೆಚ್ಚಿನ ಗಾಳಿಯನ್ನು ಚೆಲ್ಲಿಬಿಡುತ್ತದೆ. ಆಮೇಲೆ ಬೂಮಿನ ತುದಿಯ ಹಗ್ಗ; ಅದನ್ನು ಎಳೆದರೆ ಹಾಯಿಯ ಹೊಟ್ಟೆ ಚಪ್ಪಟೆಯಾಗುತ್ತದೆ, ಬಿಟ್ಟರೆ ಉಬ್ಬುತ್ತದೆ. ಒಂದೇ ಹಾಯಿಯನ್ನು ಈ ಎರಡು ಹಗ್ಗದಿಂದ ಅರ್ಧ ಸೈಜು ದೊಡ್ಡದು ಚಿಕ್ಕದು ಮಾಡಿಕೊಂಡ ಹಾಗೆ.

ಮಾಷ್ಟ್ರು ಬಗ್ಗಿ, ಹಾಯಿಯ ನಡುವಿಗೆ ಬೆರಳಿನಿಂದ ಒಮ್ಮೆ ಮೀಟಿದರು. ಧಂ ಅಂತು. “ಚೆಂಡೆಗೆ ಹಗ್ಗ ಬಿಗಿದ ಹಾಗೇ ಉಂಟು. ಶ್ರುತಿ ಬಂತು ನೋಡಿ.” ಆಮೇಲೆ ಎದ್ದು ನಿಂತು ಹೇಳಿದರು: “ನಮ್ಮಜ್ಜ ಪತ್ತೇಮಾರಿಯಲ್ಲಿ ಮಂಗಳೂರು ಹೆಂಚು ತುಂಬಿಕೊಂಡು ಬೊಂಬಾಯಿಗೆ ಹೋಗ್ತಿದ್ರು. ಗಾಳಿ ಏರಿದ್ರೆ ದೊಡ್ಡ ಹಾಯಿ ಇಳಿಸಿ ಸಣ್ಣದು ಏರಿಸ್ತಿದ್ರಂತೆ. ತಡ ಮಾಡಿದ ತಂಡೇಲನಿಗೆ ಮರುವರ್ಷ ಯಾರೂ ಸರಕು ಕೊಡ್ತಿರ್ಲಿಲ್ಲ.” ಎರಡು ತಿಂಗಳಿಂದ ನನಗೆ ಆರ್ಕಿಮಿಡೀಸ್ ಹೇಳಿದವರು ಇದನ್ನು ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದರು.

ಆ ಶನಿವಾರ ಮಗಳ ಕಾರಿನಲ್ಲಿ ಅವರೂ ಕಯೋಟಿ ಪಾಯಿಂಟಿಗೆ ಬಂದರು. ಮಫ್ಲರನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡು, ನೀಲಗಿರಿ ಮರದ ಕೆಳಗಿನ ಬೆಂಚಿನ ಮೇಲೆ ಫ್ಲಾಸ್ಕಿನ ಕಾಫಿ ಹಿಡಿದು ಕೂತರು. ಹದಿನೇಳು ನಾಟ್. ದಡದ ಹತ್ತಿರ ಗಾಳಿ ತುಂಡುತುಂಡು; ಅಲ್ಲಿ ಹಲಗೆ ನನ್ನನ್ನು ಸುಮ್ಮನೆ ಹೊತ್ತು ನಿಂತಿತು, ಪಾದ ನೆನೆಯಲಿಲ್ಲ. ಆಚೆ ಗಾಳಿಯ ಗೆರೆ ದಾಟಿದ್ದೇ ಹಾಯಿ ತುಂಬಿತು. ಸೊಂಟಪಟ್ಟಿಯ ಕೊಕ್ಕೆಯನ್ನು ಬೂಮಿನ ಹಗ್ಗಕ್ಕೆ ಸಿಕ್ಕಿಸಿ ಭಾರ ಬಿಟ್ಟೆ. ಹಲಗೆಯ ಅಡಿಯ ಶಬ್ದ ಬದಲಾಯಿತು. ಮೊದಲು ಬಳಬಳ ಅನ್ನುತ್ತಿದ್ದದ್ದು ಒಮ್ಮೆಲೇ ಬಟ್ಟೆ ಹರಿದ ಹಾಗೆ ಸರ್ರ್ ಅಂತು. ಕಾಲ ಕೆಳಗೆ ನೀರು ಗಟ್ಟಿ ರಸ್ತೆಯಾಯಿತು. ಒಂದು ವಿಮಾನ ಇಳಿಯುವಷ್ಟು ಹೊತ್ತು ಹಾಗೇ ಓಡಿದೆ. ತಿರುಗಿಸುವಾಗ ಬಿದ್ದೆ, ಅದು ಬೇರೆ ಅಧ್ಯಾಯ.

ದಡಕ್ಕೆ ಬಂದಾಗ ಮಾಷ್ಟ್ರು ಕಾಫಿಯ ಮುಚ್ಚಳ ತಿರುಗಿಸುತ್ತ, “ಹೋಗುವಾಗ ನೂರಕ್ಕೆ ಎಂಬತ್ತು ಕೊಡಬಹುದು. ತಿರುಗುವಾಗ ಫೇಲು” ಅಂದರು.

ಅಕ್ಟೋಬರ್‌ನಲ್ಲಿ ಗಾಳಿಯೂ ಮಾಷ್ಟ್ರೂ ಒಟ್ಟಿಗೆ ಹೋದರು. ಬೇಲಿಯ ಎರಡು ಹಲಗೆ ಇನ್ನೂ ಹಾಕಿಸಿಲ್ಲ. ಮುಂದಿನ ಏಪ್ರಿಲ್‌ಗೆ ಅವರು ಮತ್ತೆ ಬರುವವರಿದ್ದಾರೆ, ಹಾಗಾಗಿ ಯಾರಿಗೂ ಅವಸರವಿಲ್ಲ. ಗ್ಯಾರೇಜಿನಲ್ಲಿ ಆ ಏಳೂವರೆಯ ಹಾಯಿ ಸುತ್ತಿಟ್ಟಿದ್ದೇನೆ. ನನ್ನ ಈಗಿನ ಹಲಗೆಗೆ ಅದು ಕಡೆಯ ಗೆರೆ, ಹಾಕುವುದು ಅಪರೂಪ. ಹರಿದಿಲ್ಲ, ಹೊಲಿಗೆ ಗಟ್ಟಿಯಾಗಿದೆ, ಬೆಲೆ ಮಾತಾಡಿಕೊಳ್ಳಬಹುದು. ಬೇಕಾದವರು ಕೇಳಿ. ಆದರೆ ಬರುವಾಗ ನಿಮ್ಮ ಹಲಗೆಯ ಅಗಲ, ಫಿನ್ನಿನ ಉದ್ದ ಮತ್ತು ನಾಚಿಕೆ ಬಿಟ್ಟು ನಿಮ್ಮ ಮೈಭಾರ, ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ.